ಚಿಲ್ಲರೆ ನಾಣ್ಯದ ಮರ್ಯಾದೆ: ರೋಮ್ ಸಾಮ್ರಾಜ್ಯ ಕಲಿಸುವ ಪಾಠ

ವ್ಯಾಪಾರಸ್ಥರಾದ ನಮ್ಮ ಕೈಗೆ ದಿನವೂ ತಾಗುವ, ಆದರೆ ಮನಸ್ಸಿಗೆ ತಾಗದ ವಸ್ತು ಯಾವುದಾದರೂ ಇದ್ದರೆ ಅದು ಚಿಲ್ಲರೆ ನಾಣ್ಯ. ಚಿನ್ನದ ಧಾರಣೆ ಹತ್ತು ರೂಪಾಯಿ ಏರಿದರೂ ಸಂಜೆಯ ಮಾತುಕತೆಯಲ್ಲಿ ಅದರ ಪ್ರಸ್ತಾಪ ಬರುತ್ತದೆ. ಡಾಲರಿನ ವಿನಿಮಯ ದರ ಕುಸಿದರೆ ಪತ್ರಿಕೆಗಳು ಸಂಪಾದಕೀಯ ಬರೆಯುತ್ತವೆ. ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಒಂದು, ಎರಡು ರೂಪಾಯಿಗಳ ನಾಣ್ಯಗಳ ಯೋಗಕ್ಷೇಮವನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಒಂದು ದೇಶದ ಹಣಕಾಸಿನ ಆರೋಗ್ಯವನ್ನು ಅಳೆಯಬೇಕಾದುದು ಅದರ ಅತಿ ದೊಡ್ಡ ನಾಣ್ಯದಿಂದಲ್ಲ, ಅತಿ ಚಿಕ್ಕ ನಾಣ್ಯದಿಂದ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದುದು ಅರ್ಥಶಾಸ್ತ್ರದ ಗ್ರಂಥಗಳಿಂದಲ್ಲ; ಅಂಗೈಯಲ್ಲಿ ಹತ್ತಾರು ಹಿಡಿಸುವಷ್ಟು ಚಿಕ್ಕದಾದ, ಹಸಿರು ಕಿಲುಬು ಹಿಡಿದ ಕೆಲವು ಕಂಚಿನ ಕಾಸುಗಳಿಂದ.

ಪರಿಚಿತರಾದ ನಾಣ್ಯ ಸಂಗ್ರಾಹಕರೊಬ್ಬರ ಮನೆಯಲ್ಲಿ ನಾನು ಅವುಗಳನ್ನು ನೋಡಿದೆ. ಕ್ರಿ.ಶ. 4 ಮತ್ತು 5ನೆಯ ಶತಮಾನಗಳ ರೋಮ್ ಸಾಮ್ರಾಜ್ಯದ ಕಾಸುಗಳವು. ಹಿತ್ತಾಳೆ ಎರಕದ ಕೆಲಸದಲ್ಲಿಯೇ ಮೂವತ್ತು ವರ್ಷ ಕಳೆದಿರುವ ನನ್ನ ಕಣ್ಣು ಸಹಜವಾಗಿ ಮೊದಲು ಲೋಹದ ಕಡೆ ಹೋಯಿತು. ಅಕ್ಷರಗಳು ಅಂಚಿನಿಂದ ಹೊರಗೆ ಬಿದ್ದಿದ್ದವು. ಬಿಲ್ಲೆ ಕಿರಿದು, ಅಚ್ಚು ಹಿರಿದು. ಕೆಲವು ಕಾಸುಗಳಲ್ಲಿ ಚಕ್ರವರ್ತಿಯ ಮೂಗು ಮಾತ್ರ ಉಳಿದಿತ್ತು. ಇದು ಕೈತಪ್ಪಿನಿಂದ ಆದ ದೋಷವಲ್ಲ, ತೂಕವನ್ನು ಉಳಿಸಲು ಹೊರಟವನ ಕೈಚಳಕ ಎಂಬುದು ಎರಕದವನಿಗೆ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ.

ಹತ್ತು ಗ್ರಾಂನಿಂದ ಒಂದೂವರೆ ಗ್ರಾಂಗೆ

ಕಥೆ ಆರಂಭವಾಗುವುದು ಒಂದು ಒಳ್ಳೆಯ ಉದ್ದೇಶದಿಂದ. 3ನೆಯ ಶತಮಾನದಲ್ಲಿ ಯುದ್ಧ, ದಂಗೆಗಳ ಖರ್ಚಿಗಾಗಿ ರೋಮಿನ ಬೆಳ್ಳಿ ನಾಣ್ಯಕ್ಕೆ ತಾಮ್ರವನ್ನು ಬೆರೆಸುತ್ತಾ ಹೋಗಿ, 260ರ ದಶಕದ ಅಂತ್ಯದ ವೇಳೆಗೆ ಅದರಲ್ಲಿ ಬೆಳ್ಳಿ ಎಂಬುದು ಹೆಸರಿಗೆ ಮಾತ್ರ ಉಳಿದಿತ್ತು. 284ರಲ್ಲಿ ಪಟ್ಟಕ್ಕೆ ಬಂದ ಡಯೋಕ್ಲೀಷಿಯನ್ ಚಕ್ರವರ್ತಿ ಸುಮಾರು 294ರಲ್ಲಿ ನಾಣ್ಯ ವ್ಯವಸ್ಥೆಯನ್ನು ಸುಧಾರಿಸಿದನು. ಸುಮಾರು ಹತ್ತು ಗ್ರಾಂ ತೂಕದ, ಮೇಲೆ ತೆಳುವಾದ ಬೆಳ್ಳಿಯ ಹೊಳಪುಳ್ಳ, ಒಳಗೆ ಶೇಕಡಾ ಮೂರು ನಾಲ್ಕರಷ್ಟು ಬೆಳ್ಳಿಯಿದ್ದ ಕಂಚಿನ ನಾಣ್ಯವೊಂದು ಬಳಕೆಗೆ ಬಂದಿತು. ಲಂಡನ್ನಿನಿಂದ ಅಲೆಕ್ಸಾಂಡ್ರಿಯಾದವರೆಗೆ ಹಲವಾರು ಟಂಕಸಾಲೆಗಳು ಒಂದೇ ಮಾದರಿಯಲ್ಲಿ ಅದನ್ನು ಮುದ್ರಿಸಿದವು. ಯಾವ ಊರಿನ ಟಂಕಸಾಲೆ, ಅದರ ಯಾವ ವಿಭಾಗ ಎಂಬುದನ್ನು ಸೂಚಿಸುವ ಪುಟ್ಟ ಅಕ್ಷರಗಳೂ ನಾಣ್ಯದ ಕೆಳಭಾಗದಲ್ಲಿ ಇರುತ್ತಿದ್ದವು. ಇಂದು ನಾವು ಸರಕಿನ ಮೇಲೆ ತಯಾರಿಕಾ ಘಟಕದ ಮತ್ತು ಬ್ಯಾಚಿನ ಸಂಖ್ಯೆಯನ್ನು ನಮೂದಿಸುವುದಕ್ಕೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ತಪ್ಪು ಎಲ್ಲಿ ನಡೆದಿದೆ ಎಂಬುದನ್ನು ಗುರುತಿಸುವ ವ್ಯವಸ್ಥೆ ಅಂದೇ ಇತ್ತು.

ಆದರೆ ತಪ್ಪು ನಡೆದದ್ದು ಕೆಳಗಿನ ವಿಭಾಗದಲ್ಲಲ್ಲ, ಮೇಲಿನ ಸ್ಥಾನದಲ್ಲಿ. 307ರ ಹೊತ್ತಿಗೆ ಹತ್ತು ಗ್ರಾಂ ನಾಣ್ಯ ಸುಮಾರು ಆರೂವರೆ ಗ್ರಾಂಗೆ ಇಳಿಯಿತು. 313ರ ವೇಳೆಗೆ ಮೂರು ಗ್ರಾಂ ಚಿಲ್ಲರೆ, 330ರಲ್ಲಿ ಎರಡೂವರೆ, 336ರಲ್ಲಿ ಸುಮಾರು ಒಂದು ಮುಕ್ಕಾಲು ಗ್ರಾಂ. ನಲವತ್ತೆರಡು ವರ್ಷಗಳಲ್ಲಿ ನಾಣ್ಯವು ತನ್ನ ಆರನೆಯ ಒಂದು ಭಾಗಕ್ಕೆ ಕರಗಿತು. 348ರಲ್ಲಿ ಮತ್ತೆ ದೊಡ್ಡ ನಾಣ್ಯವನ್ನು ತಂದು, ಅದರ ಮೇಲೆ ‘ಸುಖದ ಕಾಲ ಮರಳಿತು’ ಎಂಬ ಅರ್ಥದ ಲ್ಯಾಟಿನ್ ಘೋಷಣೆಯನ್ನು ಮುದ್ರಿಸಿದರು. ಘೋಷಣೆ ಹಾಗೆಯೇ ಉಳಿಯಿತು. ಹತ್ತು ವರ್ಷ ಕಳೆಯುವುದರೊಳಗೆ ನಾಣ್ಯ ಅರ್ಧಕ್ಕಿಂತ ಕಡಿಮೆಯಾಯಿತು. 5ನೆಯ ಶತಮಾನಕ್ಕೆ ಬಂದರೆ, ಉಳಿದದ್ದು ಒಂದು ಗ್ರಾಂ ತೂಕದ, ಒಂದು ಸೆಂಟಿಮೀಟರ್ ಅಗಲದ, ಸೀಸ ಬೆರೆತ ಕಾಸು. ನಾನು ನೋಡಿದ ಮೂಗಿನ ಕಾಸು ಇದೇ.

ಬೆಲೆ ಏರಿದಾಗ ದೂಷಣೆ ಯಾರಿಗೆ?

ನಾಣ್ಯ ಹಗುರವಾದಾಗ ಸರಕಿನ ಬೆಲೆ ಏರುತ್ತದೆ. ಇದು ಸಂತೆಗೆ ಹೋಗುವ ಪ್ರತಿಯೊಬ್ಬರಿಗೂ ತಿಳಿದ ವಿಷಯ. ಆದರೆ 301ರಲ್ಲಿ ಡಯೋಕ್ಲೀಷಿಯನ್ ಹೊರಡಿಸಿದ ಗರಿಷ್ಠ ಬೆಲೆಗಳ ಶಾಸನದ ಪೀಠಿಕೆಯನ್ನು ಓದಿದರೆ, ಬೆಲೆ ಏರಿಕೆಗೆ ಒಂದೇ ಕಾರಣ, ಅದು ವರ್ತಕರ ದುರಾಸೆ! ಸಾವಿರಕ್ಕೂ ಹೆಚ್ಚು ಸರಕು ಮತ್ತು ಸೇವೆಗಳಿಗೆ ಅದು ಮಿತಿ ಹಾಕಿತು: ಸೈನ್ಯದ ಅಳತೆಯ ಒಂದು ಮೋಡಿಯಸ್ ಗೋಧಿಗೆ 100 ದಿನಾರಿಯಸ್, ಕೃಷಿ ಕಾರ್ಮಿಕನಿಗೆ ಊಟ ಕೊಟ್ಟು ದಿನಕ್ಕೆ 25, ಬಡಗಿಗೆ 50. ಮಿತಿ ಮೀರಿದವನಿಗೆ ಮರಣದಂಡನೆ. ಪರಿಣಾಮವೇನು? ಅಲ್ಪ ಬೆಲೆಯ ಸರಕುಗಳಿಗಾಗಿ ರಕ್ತ ಹರಿಯಿತು, ಭಯದಿಂದ ಸರಕುಗಳು ಮಾರುಕಟ್ಟೆಯಿಂದ ಮಾಯವಾದವು, ಅಭಾವ ಇನ್ನೂ ಹೆಚ್ಚಿತು, ಕೊನೆಗೆ ಶಾಸನವನ್ನೇ ಕೈಬಿಡಬೇಕಾಯಿತು ಎಂದು ಸಮಕಾಲೀನ ಲೇಖಕ ಲ್ಯಾಕ್ಟಾಂಟಿಯಸ್ ಬರೆದಿದ್ದಾನೆ. ಆತ ಆ ಚಕ್ರವರ್ತಿಯ ಕಡುವಿರೋಧಿ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿದರೂ, ಮಾತಿನಲ್ಲಿ ಹುರುಳಿದೆ.

ಈ ಕಷ್ಟದ ಜೀವಂತ ಚಿತ್ರಣವನ್ನು ಈಜಿಪ್ಟಿನ ಮರಳಿನಲ್ಲಿ ದೊರೆತ ಪಪೈರಸ್ ಕಾಗದಗಳು ನೀಡುತ್ತವೆ. 260ರಲ್ಲಿ ಆಕ್ಸಿರಿಂಕಸ್ ಪಟ್ಟಣದ ವಿನಿಮಯ ಅಂಗಡಿಗಳವರು ಚಕ್ರವರ್ತಿಗಳ ನಾಣ್ಯವನ್ನು ತೆಗೆದುಕೊಳ್ಳಲು ಇಷ್ಟವಿಲ್ಲದೆ ಬಾಗಿಲು ಮುಚ್ಚಿಕೊಂಡರು. ಅಂಗಡಿ ತೆರೆಯಿರಿ, ಖೋಟಾ ನಾಣ್ಯವನ್ನುಳಿದು ಎಲ್ಲವನ್ನೂ ಸ್ವೀಕರಿಸಿರಿ ಎಂದು ಅಧಿಕಾರಿ ಆಜ್ಞೆ ಹೊರಡಿಸಬೇಕಾಯಿತು. 4ನೆಯ ಶತಮಾನದ ಆರಂಭದ್ದೆಂದು ತಿಳಿಯಲಾದ ಇನ್ನೊಂದು ಪತ್ರದಲ್ಲಿ, ನಾಣ್ಯದ ಬೆಲೆಯನ್ನು ಅರ್ಧಕ್ಕೆ ಇಳಿಸಲಾಗುತ್ತದೆ ಎಂಬ ಒಳಸುದ್ದಿ ತಿಳಿದ ಡಯೊನಿಸಿಯಸ್ ಎಂಬಾತ ತನ್ನವನಿಗೆ ತುರ್ತಾಗಿ ಬರೆಯುತ್ತಾನೆ: ಕೈಯಲ್ಲಿರುವ ಹಣವನ್ನೆಲ್ಲ ಕೂಡಲೇ ಖರ್ಚು ಮಾಡಿ, ಯಾವ ಬೆಲೆಗಾದರೂ ಸರಿ, ಯಾವ ಸರಕಾದರೂ ಸರಿ, ಕೊಂಡುಬಿಡು! ಸುದ್ದಿ ಮೊದಲೇ ತಿಳಿದವನು ಪಾರಾದನು. ಅಂದು ಸಂಜೆ ಆ ಹಣವನ್ನು ಪಡೆದು ಸರಕು ಕೊಟ್ಟ ಅಂಗಡಿಯವನ ಗತಿ ಏನಾಗಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

ಗಳಿಕೆ ಕಂಚಿನಲ್ಲಿ, ತೆರಿಗೆ ಚಿನ್ನದಲ್ಲಿ

ಇಷ್ಟಾದರೂ ಇದು ದಿವಾಳಿಯೆದ್ದ ಸರ್ಕಾರದ ಕಥೆಯಲ್ಲ ಎಂಬುದೇ ಇಲ್ಲಿ ಮುಖ್ಯ. ಇದೇ ಅವಧಿಯಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಸಾಲಿಡಸ್ ಎಂಬ ಚಿನ್ನದ ನಾಣ್ಯವನ್ನು ಆರಂಭಿಸಿದನು. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯ, ತಲಾ ಸುಮಾರು ನಾಲ್ಕೂವರೆ ಗ್ರಾಂ. ಆ ನಾಣ್ಯದ ತೂಕ ಮತ್ತು ಅಪ್ಪಟತನವು 11ನೆಯ ಶತಮಾನದವರೆಗೆ, ಅಂದರೆ ಸುಮಾರು ಏಳುನೂರು ವರ್ಷ, ಬಹುಮಟ್ಟಿಗೆ ಸ್ಥಿರವಾಗಿ ಉಳಿಯಿತು. ನಾಣ್ಯವನ್ನು ಗಟ್ಟಿಯಾಗಿಡುವುದು ಹೇಗೆಂದು ಆ ಸರ್ಕಾರಕ್ಕೆ ಚೆನ್ನಾಗಿ ತಿಳಿದಿತ್ತು. ತನಗೆ ಬೇಕಾದ ನಾಣ್ಯವನ್ನು ಅದು ಗಟ್ಟಿಯಾಗಿಟ್ಟುಕೊಂಡಿತು. ಜನಕ್ಕೆ ಬೇಕಾದ ನಾಣ್ಯವನ್ನು ಹಾಳಾಗಲು ಬಿಟ್ಟಿತು.

ಇದರ ನೇರ ಹೊಡೆತ ಬಿದ್ದುದು ನಮ್ಮಂತಹವರ ಮೇಲೆ. ಕಾನ್‌ಸ್ಟಂಟೈನನು ವರ್ತಕರು ಮತ್ತು ಕುಶಲಕರ್ಮಿಗಳ ಮೇಲೆ ವಿಶೇಷ ತೆರಿಗೆಯೊಂದನ್ನು ಹೇರಿದನು. ಕೆಲವು ವರ್ಷಗಳಿಗೊಮ್ಮೆ ಒಟ್ಟಾಗಿ ವಸೂಲಾಗುತ್ತಿದ್ದ ಈ ತೆರಿಗೆಗೆ ಗ್ರೀಕ್ ಭಾಷೆಯಲ್ಲಿ ‘ಚಿನ್ನ-ಬೆಳ್ಳಿ’ ಎಂಬ ಅರ್ಥದ ಹೆಸರೇ ಬಂದಿತ್ತು. ಪಾವತಿಯೂ ಅವೆರಡರಲ್ಲಿಯೇ ಆಗಬೇಕು. ಚಮ್ಮಾರ, ತರಕಾರಿ ಮಾರುವವನು, ಕುಂಬಾರ ಇವರೆಲ್ಲರ ಗಳಿಕೆ ಕಂಚಿನ ಕಾಸಿನಲ್ಲಿ. ಅಂತಹವನು ಕಾಸಿನ ಗಂಟನ್ನು ಹೊತ್ತು ಚಿನಿವಾರನ ಕಟ್ಟೆಗೆ ಹೋಗಿ, ಆತ ಹೇಳಿದ ದರಕ್ಕೆ ಚಿನ್ನ ಕೊಂಡು ತೆರಿಗೆ ಕಟ್ಟಬೇಕು. ಕಳೆದ ವರ್ಷ ಗಂಟಿಗೆ ಬಿದ್ದ ಕಾಸು ಈ ವರ್ಷ ಇನ್ನಷ್ಟು ಅಗ್ಗವಾಗಿದ್ದರೆ ಆ ನಷ್ಟ ಪೂರ್ತಿ ಅವನದೇ. ಈ ತೆರಿಗೆ ಕಟ್ಟಲು ಹೆತ್ತವರು ಮಕ್ಕಳನ್ನೇ ಮಾರಿದರೆಂದು ಇತಿಹಾಸಕಾರ ಝೋಸಿಮಸ್ ದೂರಿದ್ದಾನೆ.

445ರ ಒಂದು ಕಾನೂನು ಈ ಲೆಕ್ಕವನ್ನು ನಮ್ಮ ಕಣ್ಣ ಮುಂದಿಡುತ್ತದೆ. ಮೂರನೆಯ ವ್ಯಾಲೆಂಟೀನಿಯನ್ ಚಕ್ರವರ್ತಿಯ ಆ ಕಾನೂನಿನ ಪ್ರಕಾರ, ಚಿನಿವಾರನಿಂದ 7,200 ಕಾಸುಗಳಿಗೆ ಕೊಂಡ ಸಾಲಿಡಸನ್ನು ಯಾರೂ 7,000ಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಒಂದು ಕಾಸಿಗೆ ಒಂದು ಗ್ರಾಂ ಎಂದು ಹಿಡಿದರೂ, ನಾಲ್ಕೂವರೆ ಗ್ರಾಂ ಚಿನ್ನಕ್ಕಾಗಿ ಏಳು ಕಿಲೋಗ್ರಾಂಗಿಂತ ಹೆಚ್ಚು ಕಂಚನ್ನು ಹೊರಬೇಕು, ಎಣಿಸಬೇಕು! ಎಣಿಸುವುದೇ ಅಸಾಧ್ಯವಾದುದರಿಂದ ಕಾಸುಗಳನ್ನು ಚೀಲದಲ್ಲಿ ತುಂಬಿ, ಮುದ್ರೆಯೊತ್ತಿ, ಚೀಲದ ಲೆಕ್ಕದಲ್ಲಿಯೇ ವ್ಯವಹರಿಸುವ ರೂಢಿ ಬೆಳೆದಿತ್ತು. ಇಂದು ನಾಣ್ಯಶಾಸ್ತ್ರಜ್ಞರು ಈ ಕಂಚಿನ ನಾಣ್ಯಗಳಿಗೆ ಬಳಸುವ ‘ಫಾಲಿಸ್’ ಎಂಬ ಪದಕ್ಕೆ ಮೂಲದಲ್ಲಿ ಚೀಲವೆಂದೇ ಅರ್ಥ.

ನಮ್ಮವರ ತಪ್ಪೂ ಇತ್ತು

ಎಲ್ಲ ತಪ್ಪನ್ನೂ ಅರಮನೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಹೊಸ ನಾಣ್ಯದಲ್ಲಿ ಸ್ವಲ್ಪ ಬೆಳ್ಳಿ ಇದೆ ಎಂದು ತಿಳಿದೊಡನೆ ಅದನ್ನು ಕುಲುಮೆಗೆ ಹಾಕಿ ಬೆಳ್ಳಿಯನ್ನು ಬೇರ್ಪಡಿಸುವವರು ಹುಟ್ಟಿಕೊಂಡರು; 349ರ ಕಾನೂನು ಅವರಿಗೆ ಮರಣದಂಡನೆ ವಿಧಿಸಿತು. ನಾಣ್ಯವನ್ನೇ ಸರಕಾಗಿ ಕೊಂಡು, ಬೆಲೆ ಹೆಚ್ಚಿರುವ ಪ್ರಾಂತಕ್ಕೆ ಸಾಗಿಸುವ ದಂಧೆಯನ್ನು ತಡೆಯಲು 350ರ ದಶಕದಲ್ಲಿ ಮತ್ತೊಂದು ಕಾನೂನು ಬಂದಿತು. ವರ್ತಕರು ದಾರಿಯ ಖರ್ಚಿಗೆ ಎಷ್ಟು ಹಣ ಒಯ್ಯಬಹುದೆಂಬುದಕ್ಕೂ ಅದು ಮಿತಿ ಹಾಕಿತು. ಬ್ರಿಟನ್ನಿನಲ್ಲಿಯಂತೂ 350ರ ದಶಕದ ನಂತರ ಖೋಟಾ ಕಾಸುಗಳು ಧಾರಾಳವಾಗಿ ತಯಾರಾದವು. ಈ ಖೋಟಾ ಕಾಸುಗಳಲ್ಲಿ ಅನೇಕವು ಮೋಸಕ್ಕಿಂತ ಹೆಚ್ಚಾಗಿ ಚಿಲ್ಲರೆಯ ಅಭಾವವನ್ನು ನೀಗಿಸಲು ಹುಟ್ಟಿದವೆಂದು ವಿದ್ವಾಂಸರು ಭಾವಿಸುತ್ತಾರೆ. ಅಸಲಿ ನಾಣ್ಯದ ಸರಬರಾಜು ಕಡಿಮೆಯಾದಾಗ ನಕಲಿಯೇ ಸಂತೆಯನ್ನು ನಡೆಸುತ್ತದೆ.

ಟಂಕಸಾಲೆಯ ಒಳಗಿನ ಅಕ್ರಮಗಳೂ ಕಡಿಮೆಯಿರಲಿಲ್ಲ. 4ನೆಯ ಶತಮಾನದ ಉತ್ತರಾರ್ಧದಲ್ಲಿ ಹೆಸರು ತಿಳಿಸದ ಲೇಖಕನೊಬ್ಬ ಚಕ್ರವರ್ತಿಗಳಿಗೆ ಸಲ್ಲಿಸಿದ ಗ್ರಂಥವೊಂದಿದೆ. ಕಾನ್‌ಸ್ಟಂಟೈನನ ಕಾಲದಲ್ಲಿ ಸಣ್ಣ ವ್ಯವಹಾರಕ್ಕೂ ಕಂಚಿನ ಬದಲು ಚಿನ್ನ ಹರಿದಾಡತೊಡಗಿ ಬಲವುಳ್ಳವರ ಮನೆ ತುಂಬಿತು, ಬಡವರು ತುಳಿತಕ್ಕೆ ಸಿಕ್ಕಿದರು ಎಂದು ಆತ ಬಿಚ್ಚುಮನಸ್ಸಿನಿಂದ ಬರೆದನು. ಟಂಕಸಾಲೆಯ ಕೆಲಸಗಾರರನ್ನೆಲ್ಲ ಹೊರಗಿನ ಸಂಪರ್ಕವಿಲ್ಲದ ಒಂದು ದ್ವೀಪದಲ್ಲಿ ಇರಿಸಿಬಿಡಿ ಎಂಬ ಸಲಹೆಯನ್ನೂ ಕೊಟ್ಟನು. ಸಲಹೆ ನಗೆ ತರಿಸುವಂತಹುದಾದರೂ, ರೋಗ ಇರುವುದು ಸಂತೆಯಲ್ಲಿ ಮಾತ್ರವಲ್ಲ, ನಾಣ್ಯ ಹುಟ್ಟುವ ಜಾಗದಲ್ಲಿ ಎಂಬ ಅವನ ನಿದಾನ ಸರಿಯಾಗಿತ್ತು.

ಸಂಘಟಿತ ಧ್ವನಿ ಮತ್ತು 498ರ ಸುಧಾರಣೆ

ವಾಣಿಜ್ಯ ಸಂಸ್ಥೆಯ ಸದಸ್ಯರಾದ ನಮಗೆ ವಿಶೇಷ ಆಸಕ್ತಿ ಹುಟ್ಟಿಸುವ ದಾಖಲೆಯೊಂದು 384ರ ಸುಮಾರಿನದು. ಅಂದು ರೋಮ್ ನಗರದ ಚಿನಿವಾರರು ತಮ್ಮ ಸಂಘದ ಮೂಲಕ ನಗರಾಧಿಪತಿ ಸಿಮ್ಮಾಕಸನ ಬಳಿ ಅಹವಾಲು ಸಲ್ಲಿಸಿದರು. ಸರ್ಕಾರಕ್ಕೆ ಚಿನ್ನದ ನಾಣ್ಯ ಒದಗಿಸಲು ತಮಗೆ ಗೊತ್ತುಪಡಿಸಿದ ದರ ಹಳೆಯದು, ಮಾರುಕಟ್ಟೆಯಲ್ಲಿ ಚಿನ್ನದ ಬೆಲೆ ಏರಿದೆ, ಈ ಅಂತರವನ್ನು ತಾವು ಕೈಯಿಂದ ಭರಿಸಲಾಗದು ಎಂಬುದು ಅವರ ವಾದ. ಸಿಮ್ಮಾಕಸನು ಅದನ್ನು ಚಕ್ರವರ್ತಿಗೆ ವರದಿ ಮಾಡಿದನು. ಸಾವಿರದ ಆರುನೂರು ವರ್ಷಗಳ ಹಿಂದಿನ ಈ ಮನವಿಪತ್ರದ ಧಾಟಿ ನಮ್ಮ ಸಂಸ್ಥೆಗಳು ಇಂದು ಸಲ್ಲಿಸುವ ಮನವಿಗಳಿಗಿಂತ ಎಷ್ಟೂ ಬೇರೆಯಲ್ಲ.

ನಿಜವಾದ ಪರಿಹಾರ ಬಂದುದು ಪೂರ್ವ ರೋಮ್ ಸಾಮ್ರಾಜ್ಯದಲ್ಲಿ, 498ರಲ್ಲಿ. ಅನಸ್ತೇಸಿಯಸ್ ಚಕ್ರವರ್ತಿ ಆ ಒಂದೇ ವರ್ಷದಲ್ಲಿ ಎರಡು ಕೆಲಸ ಮಾಡಿದನು. ಮೊದಲನೆಯದು, 40, 20, 10 ಕಾಸುಗಳ ಮೌಲ್ಯದ ದೊಡ್ಡ ಕಂಚಿನ ನಾಣ್ಯಗಳನ್ನು ಹೊರಡಿಸಿದುದು. ಅವುಗಳ ಮೇಲೆ ಗ್ರೀಕ್ ಸಂಖ್ಯಾಕ್ಷರಗಳಾದ ಮ್ಯೂ, ಕಪ್ಪಾ, ಅಯೋಟಾಗಳನ್ನು ದಪ್ಪವಾಗಿ ಮುದ್ರಿಸಲಾಗಿತ್ತು. ಓದು ಬಾರದವನೂ ಗುರುತು ಹಿಡಿದು ಬೆಲೆ ತಿಳಿಯಬಹುದಿತ್ತು. ನಲವತ್ತು ಕಾಸು ಎಣಿಸುವ ಕಡೆ ಒಂದು ನಾಣ್ಯ ಸಾಕಾಯಿತು. 512ರಲ್ಲಿ ಈ ನಾಣ್ಯಗಳ ತೂಕವನ್ನು ಇಳಿಸಲಿಲ್ಲ, ಇಮ್ಮಡಿಗೊಳಿಸಿದರು! ಎರಡನೆಯ ಕೆಲಸ, ವರ್ತಕರ ಮೇಲಿನ ಆ ಚಿನ್ನ-ಬೆಳ್ಳಿ ತೆರಿಗೆಯನ್ನು ರದ್ದುಪಡಿಸಿದುದು. ಎಡೆಸ್ಸಾ ನಗರವೊಂದೇ ನಾಲ್ಕು ವರ್ಷಗಳಿಗೊಮ್ಮೆ 140 ಪೌಂಡ್ ಚಿನ್ನವನ್ನು ಈ ಬಾಬ್ತು ಕಟ್ಟುತ್ತಿತ್ತು. ಸುದ್ದಿ ತಲುಪಿದಾಗ ಇಡೀ ನಗರ ಬಿಳಿಯ ಬಟ್ಟೆ ಉಟ್ಟು, ದೀಪ ಹಿಡಿದು ಮೆರವಣಿಗೆ ಹೊರಟಿತೆಂದು ಅಲ್ಲಿನ ಸಿರಿಯಾಕ್ ವೃತ್ತಾಂತ ಹೇಳುತ್ತದೆ. ಹೊಸ ನಾಣ್ಯವು ಜನರಿಗೆ ಹಿಡಿಸಿತೆಂದು ಮಾರ್ಸೆಲಿನಸ್ ತನ್ನ ವಾರ್ಷಿಕ ವೃತ್ತಾಂತದಲ್ಲಿ ದಾಖಲಿಸಿದ್ದಾನೆ.

ಇಷ್ಟು ಉದಾರವಾಗಿ ನಡೆದುಕೊಂಡ ಅನಸ್ತೇಸಿಯಸನ ಖಜಾನೆ ಬರಿದಾಯಿತೆ? ಇಲ್ಲ. 518ರಲ್ಲಿ ಆತ ತೀರಿಕೊಂಡಾಗ ಬೊಕ್ಕಸದಲ್ಲಿ 3,20,000 ಪೌಂಡ್ ಚಿನ್ನವಿತ್ತೆಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆಯುತ್ತಾನೆ. ಚಿಲ್ಲರೆ ನಾಣ್ಯಕ್ಕೆ ಮರ್ಯಾದೆ ಕೊಟ್ಟ ಅರಸನು ಬಡವನಾಗಲಿಲ್ಲ ಎಂಬುದನ್ನು ಹಣಕಾಸು ಇಲಾಖೆಗಳು ಗಮನಿಸಬೇಕು.

ನಮ್ಮ ದಡಕ್ಕೆ ಬಂದ ಕಾಸು

ಈ ಪುಟ್ಟ ಕಾಸುಗಳಿಗೆ ನಮ್ಮ ಸೀಮೆಯ ನಂಟೂ ಇದೆ. ಕರ್ನಾಟಕದಲ್ಲಿ ದೊರೆತ ರೋಮನ್ ನಾಣ್ಯಗಳಲ್ಲಿ ಹೆಸರಾದವು ಬೆಲೆಬಾಳುವ ಲೋಹದವು. ಬೆಂಗಳೂರಿನ ಯಶವಂತಪುರದಲ್ಲಿ ಮತ್ತು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಹಿಂದಿನ ಕಾಲದ ಬೆಳ್ಳಿಯ ದಿನಾರಿಯಸ್‌ಗಳು ದೊರೆತಿವೆ. ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನಲ್ಲಿ ರೋಮಿನ ಉತ್ತರಕಾಲದ ಚಿನ್ನದ ನಾಣ್ಯಗಳು ಸಿಕ್ಕಿವೆ. ಕಂಚಿನ ಕಾಸು ಹೇರಳವಾಗಿ ದೊರೆತಿರುವುದು ತಮಿಳುನಾಡಿನ ಕರೂರು, ಮಧುರೆಗಳಲ್ಲಿ ಮತ್ತು ಸಾವಿರಾರು ಸಂಖ್ಯೆಯಲ್ಲಿ ಶ್ರೀಲಂಕೆಯಲ್ಲಿ. ಅಲ್ಲಿ ಅವು ಸ್ಥಳೀಯ ಸಂತೆಯ ಚಿಲ್ಲರೆಯಾಗಿ ಚಲಾವಣೆಯಲ್ಲಿದ್ದವೆಂದು ವಿದ್ವಾಂಸರು ಹೇಳುತ್ತಾರೆ. ಶ್ರೀಲಂಕೆಯಲ್ಲಿಯಂತೂ ಅವುಗಳ ಮಾದರಿಯಲ್ಲಿಯೇ ಸ್ಥಳೀಯ ಕಾಸುಗಳೂ ತಯಾರಾದವು.

ಇದರಲ್ಲಿ ಒಂದು ದೊಡ್ಡ ಸತ್ಯವಿದೆ. ರೋಮ್ ಚಕ್ರವರ್ತಿಯ ಆಜ್ಞೆ ನಡೆಯದ ಊರಿನಲ್ಲಿ, ಅವನ ಹೆಸರನ್ನೂ ಓದಲಾರದ ಜನ, ಅವನದೇ ನಾಡಿನಲ್ಲಿ ಬೆಲೆ ಕಳೆದುಕೊಂಡಿದ್ದ ಕಾಸನ್ನು ನಂಬಿ ವ್ಯಾಪಾರ ಮಾಡಿದರು. ಎದುರಿನವನು ನಾಳೆ ಇದನ್ನು ಸ್ವೀಕರಿಸುತ್ತಾನೆ ಎಂಬ ಭರವಸೆಯೇ ಅದರ ಮೌಲ್ಯ. ಆಜ್ಞೆಯಿಂದ ನಾಣ್ಯ ಹುಟ್ಟಬಹುದು. ಆದರೆ ಅದು ಬದುಕುವುದು ಅಂಗಡಿಯ ಕಟ್ಟೆಯ ಮೇಲೆ.

ಇಂದು ನಾವು ಮಾಡಬೇಕಾದುದೇನು?

ನಮ್ಮ ನಾಣ್ಯ ಇಂದು ಲೋಹದ ಬೆಲೆಯ ಮೇಲೆ ನಿಂತಿಲ್ಲ, ನಿಜ. ಆದರೂ ಲೋಹದ ಬೆಲೆ ಮುಖಬೆಲೆಯನ್ನು ಮೀರಿದರೆ ಏನಾಗುತ್ತದೆ ಎಂಬುದನ್ನು ನಾವೂ ಕಂಡಿದ್ದೇವೆ. ನಮ್ಮ ಒಂದು ರೂಪಾಯಿ ನಾಣ್ಯಗಳು ಬಾಂಗ್ಲಾದೇಶಕ್ಕೆ ಕಳ್ಳಸಾಗಣೆಯಾಗಿ ಕ್ಷೌರದ ಬ್ಲೇಡುಗಳಾಗುತ್ತಿವೆ ಎಂಬ ವರದಿಗಳು 2007ರಲ್ಲಿ ಬಂದಿದ್ದವು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು ಚಲಾವಣೆಯಿಂದ ಹೊರಗೆ ಹೋದವು. ಹತ್ತು ರೂಪಾಯಿ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ಕಾನೂನುಬದ್ಧವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸ್ಪಷ್ಟಪಡಿಸಿತು. ಅಷ್ಟಾದರೂ ಆ ನಾಣ್ಯವನ್ನು ‘ನಡೆಯುವುದಿಲ್ಲ’ ಎಂದು ಹಿಂದಿರುಗಿಸಿದವರು ಯಾರು? ಸರ್ಕಾರವಲ್ಲ. ನಾವೇ.

ನನ್ನದೇ ತಪ್ಪನ್ನು ಹೇಳಿಕೊಳ್ಳುತ್ತೇನೆ. ನಮ್ಮ ಮಾರಾಟ ಮಳಿಗೆಯಲ್ಲಿ ಒಮ್ಮೆ ವಯಸ್ಸಾದ ಗ್ರಾಹಕರೊಬ್ಬರು ಹತ್ತರ ಆರು ನಾಣ್ಯಗಳನ್ನು ಕೊಟ್ಟಾಗ, ಹುಡುಗ ತೆಗೆದುಕೊಳ್ಳಲಿಲ್ಲ. ನಾನು ಕಂಡೂ ಸುಮ್ಮನಿದ್ದೆ. ಅವರು ಒಂದು ಮಾತೂ ಆಡದೆ ನಾಣ್ಯಗಳನ್ನು ವಸ್ತ್ರದ ಗಂಟಿಗೆ ಹಾಕಿಕೊಂಡು ಹೊರಟುಹೋದರು. ಅದೇ ವಾರ ನಾನು ಮಳಿಗೆಯ ಚಿಲ್ಲರೆ ಚೀಲವನ್ನು ಬ್ಯಾಂಕ್ ಶಾಖೆಯೊಂದಕ್ಕೆ ಒಯ್ದಾಗ, ಎಣಿಸಲು ಸಿಬ್ಬಂದಿ ಇಲ್ಲವೆಂದು ಹಿಂದಕ್ಕೆ ಕಳುಹಿಸಿದರು. ನನಗೆ ಬಂದ ಸಿಟ್ಟಿನ ಅರ್ಧವಾದರೂ ಆ ಹಿರಿಯರಿಗೆ ಬಂದಿರಬೇಕಲ್ಲವೆ? ಕಂಚಿನ ಗಂಟು ಹೊತ್ತು ಚಿನಿವಾರನ ಕಟ್ಟೆಗೆ ಹೋದ ಆ ಕಾಲದ ಕುಂಬಾರನ ಸ್ಥಿತಿ ನನಗೆ ಅರ್ಥವಾದುದು ಆ ದಿನ.

ಆದುದರಿಂದ ನಮ್ಮ ಸಂಸ್ಥೆಯ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ. ಒಂದು, ಯಾವುದೇ ಕಾನೂನುಬದ್ಧ ನಾಣ್ಯವನ್ನು ನಿರಾಕರಿಸುವುದಿಲ್ಲ, ಚಿಲ್ಲರೆಗೆ ಬದಲಾಗಿ ಮಿಠಾಯಿ ಕೊಡುವುದಿಲ್ಲ ಎಂದು ಸದಸ್ಯರೆಲ್ಲರೂ ತಮ್ಮ ಅಂಗಡಿಗಳಲ್ಲಿ ಫಲಕ ಹಾಕಬೇಕು. ಎರಡು, ಎಲ್ಲ ಮುಖಬೆಲೆಯ ನಾಣ್ಯಗಳನ್ನು ಸ್ವೀಕರಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹಲವು ಬಾರಿ ಸೂಚಿಸಿದೆ. ಅದನ್ನು ಪಾಲಿಸದ ಶಾಖೆಗಳ ವಿಷಯವನ್ನು ಒಬ್ಬೊಬ್ಬರೇ ಗೊಣಗಿಕೊಳ್ಳುವ ಬದಲು ರೋಮಿನ ಚಿನಿವಾರರಂತೆ ಸಂಘದ ಮೂಲಕ ಲಿಖಿತವಾಗಿ ಮೇಲಕ್ಕೆ ತಲುಪಿಸಬೇಕು. ಮೂರು, ವಾರದ ಸಂತೆಯ ದಿನ ಚಿಲ್ಲರೆ ಹೆಚ್ಚಿದ್ದವರು ಮತ್ತು ಚಿಲ್ಲರೆ ಬೇಕಾದವರು ಕಮಿಷನ್ ಇಲ್ಲದೆ ವಿನಿಮಯ ಮಾಡಿಕೊಳ್ಳಲು ಸಂಸ್ಥೆಯ ಕಚೇರಿಯಲ್ಲಿಯೇ ಒಂದು ಮೇಜಿಗೆ ಅವಕಾಶ ಮಾಡಿಕೊಡಬೇಕು.

ಮೊಬೈಲ್ ಪಾವತಿ ಬಂದ ಮೇಲೆ ಚಿಲ್ಲರೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಪಾವತಿಯ ಹೊಸ ದಾರಿ ಅನುಕೂಲಕರವೇ, ನಾನೂ ಬಳಸುತ್ತೇನೆ. ಆದರೆ ಆ ದಾರಿಯಲ್ಲಿ ಇನ್ನೂ ನಡೆಯಲಾಗದವರ ಕೈಯಲ್ಲಿ ಉಳಿದಿರುವುದು ನಾಣ್ಯವೇ. ಉಳ್ಳವರಿಗೆ ಒಂದು ಹಣ, ಇಲ್ಲದವರಿಗೆ ಇನ್ನೊಂದು ಹಣ ಎಂಬ ಭೇದ ಹುಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಗ್ರಾಂ ತೂಕದ ಆ ಮೂಗಿನ ಕಾಸು ಸಾಕ್ಷಿ. ಅದನ್ನು ಸಂಗ್ರಾಹಕರಿಗೆ ಹಿಂದಿರುಗಿಸಿ ಮನೆಗೆ ಬಂದ ಮರುದಿನವೇ ನಮ್ಮ ಮಳಿಗೆಯ ಗಲ್ಲಾದ ಮೇಲೆ ಮೊದಲನೆಯ ಫಲಕವನ್ನು ಹಾಕಿಸಿದ್ದೇನೆ. ಉಳಿದವರೂ ಹಾಕಿಸುವರೆಂದು ನಂಬಿದ್ದೇನೆ.